ಕಂಪನಿ ಕೈಬಿಟ್ಟರೆ ಮೆಟ್ರೊ ನಿಲ್ಲುತ್ತದಾ? ಮಗಳ ಕೆಲಸ ಏನಾಗುತ್ತದೆ?

ಪ್ರಶ್ನೆ: ನಾವು ಸಾಗರ ತಾಲೂಕಿನವರು. ಒಂದೂವರೆ ಎಕರೆ ಅಡಿಕೆ ತೋಟ ಇದೆ. ಮಗಳು ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಈಗ ಹೊರರಾಜ್ಯದ ಒಂದು ಮೆಟ್ರೊದಲ್ಲಿ ‘ಸ್ಟೇಷನ್ ಕಂಟ್ರೋಲರ್ ಕಮ್ ಟ್ರೈನ್ ಆಪರೇಟರ್’ ಕೆಲಸಕ್ಕೆ ಪತ್ರ ಬಂದಿದೆ. ಆ ಮೆಟ್ರೊವನ್ನು ಸರ್ಕಾರದಿಂದ ಗುತ್ತಿಗೆ ಪಡೆದು ಖಾಸಗಿ ಕಂಪನಿ ನಡೆಸುತ್ತಿದೆಯಂತೆ. ಎರಡು ವರ್ಷದ ಬಾಂಡ್ ಕೇಳಿದ್ದಾರೆ. ಹೈದರಾಬಾದ್ ಮೆಟ್ರೊವನ್ನು ಕಂಪನಿ ಬಿಟ್ಟುಕೊಡುತ್ತಿದೆ ಎಂದು ಪೇಪರ್‌ನಲ್ಲಿ ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ಕಂಪನಿ ಕೈಬಿಟ್ಟರೆ ರೈಲು ನಿಲ್ಲುತ್ತದೆ, ಮಗಳು ಕೆಲಸ ಕಳೆದುಕೊಂಡು ವಾಪಸ್ ಬರಬೇಕಾಗುತ್ತದೆ ಎಂದು ಭಯ. ನನ್ನ ಭಾವ ಬೇರೆ ಹೇಳುತ್ತಾರೆ: ‘ಈಗಲೇ ಸೇರಿಸು, ನಾಳೆ ಸರ್ಕಾರ ವಹಿಸಿಕೊಂಡರೆ ಸರ್ಕಾರಿ ನೌಕರಿಯೇ ಆಗುತ್ತೆ.’ ಯಾರ ಮಾತು ಸರಿ? ಹೆಣ್ಣುಮಗಳು, ರಾತ್ರಿ ಪಾಳಿ ಬೇರೆ. ಪತ್ರದ ಫೋಟೊ ಕಳಿಸಿದ್ದೇನೆ. (ಹೆಸರು ಬೇಡ)

ಉತ್ತರ: ನಿಮ್ಮ ಭಯ ಎಲ್ಲಿಂದ ಬಂದಿದೆ ಎಂದು ನನಗೆ ಗೊತ್ತು. ನಾನೂ ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಬಸ್ ಅಂದರೆ ಖಾಸಗಿ ಬಸ್. ಮಾಲೀಕನಿಗೆ ಲುಕ್ಸಾನಾದರೆ ಒಂದು ದಿನ ಬೆಳಗ್ಗೆ ಏಳೂವರೆ ಬಸ್ಸು ಬರುವುದಿಲ್ಲ, ಅಷ್ಟೆ. ಕೊಪ್ಪದ ಸಹಕಾರ ಸಾರಿಗೆಯನ್ನೇ ನೋಡಿ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ. ಇಡೀ ಮಲೆನಾಡು ಅದನ್ನು ನಮ್ಮದು ಎಂದುಕೊಂಡಿತ್ತು. 2020ರಲ್ಲಿ ಬಸ್ಸುಗಳು ನಿಂತವು. ದುಡಿದವರು ಪ್ರಾಮಾಣಿಕರು, ಜನ ಹತ್ತುತ್ತಿದ್ದರು. ಆದರೂ ಖರ್ಚಿಗೆ ಆದಾಯ ಸಾಲಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡವರಿಗೆ ‘ಕಂಪನಿ ಬಿಟ್ಟು ಹೋಗುತ್ತಿದೆ’ ಎಂಬ ಸುದ್ದಿ ಓದಿದರೆ ಎದೆ ಝಲ್ ಅನ್ನದೆ ಇರುತ್ತದಾ?

ಆದರೆ ಮೆಟ್ರೊ ಬಸ್ಸಿನ ಹಾಗಲ್ಲ. ಇಪ್ಪತ್ತು ವರ್ಷದಿಂದ ಇಂಥ ರೈಲು ಕರಾರುಗಳನ್ನು ಓದುವುದು, ತಿದ್ದುವುದೇ ನನ್ನ ಕೆಲಸ. ನಿಮ್ಮ ಮಾತಿನಲ್ಲೂ ಅರ್ಧ ಸರಿ ಇದೆ, ಭಾವನವರ ಮಾತಿನಲ್ಲಿ ಅದಕ್ಕಿಂತ ಕಡಿಮೆ. ರೈಲು ನಿಲ್ಲುವುದಿಲ್ಲ. ಆದರೆ ರೈಲು ನಿಲ್ಲಲಿಲ್ಲ ಎಂದ ಮಾತ್ರಕ್ಕೆ ಅದರಲ್ಲಿ ದುಡಿಯುವವರೆಲ್ಲ ಉಳಿದರು ಎಂದೂ ಅಲ್ಲ.

ಮೊದಲು ಈ ಗುತ್ತಿಗೆ ಏನು ಎಂದು ಹೇಳುತ್ತೇನೆ. ಇಂಗ್ಲಿಷ್ ಪೇಪರ್‌ನವರು ಇದಕ್ಕೆ ಕನ್ಸೆಷನ್ ಎನ್ನುತ್ತಾರೆ. ನಮಗೆ ಕನ್ಸೆಷನ್ ಅಂದರೆ ಕಾಲೇಜು ಮಕ್ಕಳ ಬಸ್ ಪಾಸು. ಇದು ಅದಲ್ಲ. ಇದು ನಿಮಗೆ ಚೆನ್ನಾಗಿ ಗೊತ್ತಿರುವ ಚೇಣಿಯ ಥರ. ತೋಟ ನಿಮ್ಮದು. ಚೇಣಿದಾರ ಬಂದು ಮರದ ಬುಡದಲ್ಲಿ ನಿಂತು, ಕತ್ತೆತ್ತಿ ಅಡಿಕೆ ಗೊನೆ ನೋಡಿ, ‘ಇಷ್ಟು ಕ್ವಿಂಟಾಲ್ ಬಂದೀತು’ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮಾತು ಕೊಡುತ್ತಾನೆ. ಆ ವರ್ಷದ ಫಸಲು ಅವನದು. ಲಾಭ ಬಂದರೂ ಅವನಿಗೆ, ಕೊಳೆ ರೋಗ ಬಂದು ಕಾಯಿ ಉದುರಿದರೂ ಅವನಿಗೆ. ತೋಟ ಮಾತ್ರ ಅವನದಾಗುವುದಿಲ್ಲ. ಮೆಟ್ರೊವೂ ಹಾಗೆಯೇ. ಹಳಿ, ಸೇತುವೆ, ನಿಲ್ದಾಣ, ಅದರ ಕೆಳಗಿನ ಜಾಗ ಯಾವುದನ್ನೂ ಮಾರಿರುವುದಿಲ್ಲ. ಗಡುವು ಮುಗಿದ ದಿನ ಎಲ್ಲವೂ ಸರ್ಕಾರದ ಕೈಗೆ. ಹಾಗಾಗಿ ‘ಮೆಟ್ರೊವನ್ನು ಖಾಸಗಿಯವರಿಗೆ ಮಾರಿಬಿಟ್ಟರು’ ಎನ್ನುವುದು ತಪ್ಪು. ಗೇಣಿ ರೈತರ ಹೋರಾಟ ನಡೆದ ಕಾಗೋಡು ಇರುವ ತಾಲೂಕಿನವರು ನೀವು, ಗೇಣಿದಾರನೇ ಒಡೆಯನಾದ ಕಥೆ ಗೊತ್ತು. ಇಲ್ಲಿ ಅದು ಆಗುವುದಿಲ್ಲ.

ಆದರೆ ಚೇಣಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಚೇಣಿದಾರ ಖಾಲಿ ಗುಡ್ಡಕ್ಕೆ ಬರುತ್ತಾನೆ. ತೋಟವನ್ನೂ ಅವನೇ ಹಾಕಬೇಕು, ಅದೂ ಹೆಚ್ಚುಪಾಲು ಬ್ಯಾಂಕ್ ಸಾಲದಲ್ಲಿ. ಆಮೇಲೆ ಮೂವತ್ತು, ಮೂವತ್ತೈದು ವರ್ಷ ಫಸಲು ತೆಗೆದು ಸಾಲ ತೀರಿಸಿಕೊಳ್ಳಬೇಕು. ಇನ್ನೂ ನೆಡದ ಮರದ ಗೊನೆಯನ್ನು ಅಂದಾಜು ಮಾಡುವುದು ಹೇಗೆ ಹೇಳಿ? ಎಡವುವುದು ಅಲ್ಲೇ.

ಹೈದರಾಬಾದ್‌ನ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ನಿದ್ದೆ ಕೆಡಿಸಿದ್ದು ಅದೇ ತಾನೆ. ಮೊದಲು 2008ರಲ್ಲಿ, ಸತ್ಯಂ ಕಂಪ್ಯೂಟರ್ಸ್ ಸ್ಥಾಪಕರ ಕುಟುಂಬದ ಮೇಟಾಸ್ ಕಂಪನಿಯ ಮುಂದಾಳತ್ವದ ಗುಂಪು ಟೆಂಡರ್ ಗೆದ್ದಿತ್ತು. ಸರ್ಕಾರದಿಂದ ಹಣ ಕೇಳುವುದಿರಲಿ, ತಾವೇ ಗುತ್ತಿಗೆ ಅವಧಿಯಲ್ಲಿ ಸರ್ಕಾರಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಕೊಡುತ್ತೇವೆ ಎಂದಿದ್ದರು. ದೆಹಲಿ ಮೆಟ್ರೊ ಕಟ್ಟಿದ ಇ. ಶ್ರೀಧರನ್ ಆಗಲೇ ಇದನ್ನು ಆಕ್ಷೇಪಿಸಿದರು. ಸತ್ಯಂ ಕಂಪನಿಯ ಸುಳ್ಳು ಲೆಕ್ಕದ ಹಗರಣದ ನಂತರ 2009ರಲ್ಲಿ ಆ ಒಪ್ಪಂದ ರದ್ದಾಯಿತು. 2010ರಲ್ಲಿ ಎಲ್ ಅಂಡ್ ಟಿ ಕಂಪನಿ ಬಂತು. ಅದು ಕೊಡುತ್ತೇನೆ ಎನ್ನಲಿಲ್ಲ. 1,458 ಕೋಟಿ ರೂಪಾಯಿ ನೆರವು ಬೇಕು ಎಂದಿತು. ಗುತ್ತಿಗೆ 35 ವರ್ಷಕ್ಕೆ. 2017ರ ನವೆಂಬರ್‌ನಲ್ಲಿ ಮೊದಲ 30 ಕಿಲೋಮೀಟರ್ ಶುರುವಾಯಿತು. 2020ರ ಫೆಬ್ರುವರಿಯಲ್ಲಿ 69 ಕಿಲೋಮೀಟರ್ ಪೂರ್ತಿ ಆಯಿತು. ಮಾರ್ಚ್‌ನಲ್ಲಿ ಕೊರೊನಾ. ಸೆಪ್ಟೆಂಬರ್‌ವರೆಗೆ ಬೀಗ. ಫಸಲು ಕೈಗೆ ಬರುವ ಹೊತ್ತಿಗೇ ಕೊಳೆ ಬಂದ ಹಾಗೆ.

ಕೊರೊನಾ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ದಿನಕ್ಕೆ 15 ಲಕ್ಷ ಜನ ಹತ್ತುತ್ತಾರೆ ಎಂದು ಶುರುವಿನಲ್ಲಿ ಅಂದಾಜಿತ್ತು. ಹತ್ತಿದ್ದು 5 ಲಕ್ಷದ ಆಸುಪಾಸು. ನಿಲ್ದಾಣಗಳ ಸುತ್ತ 1.85 ಕೋಟಿ ಚದರ ಅಡಿ ಕಟ್ಟಡ ಕಟ್ಟಿ ಬಾಡಿಗೆಗೆ ಕೊಡಬಹುದು ಎಂದಿತ್ತು. ಅದರಲ್ಲಿ ಆಗಿದ್ದು ಸ್ವಲ್ಪವೇ. 2023ರ ಡಿಸೆಂಬರ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಖಾಸಗಿ ಬಸ್ಸಿನವರು ಏನು ಹೇಳಿದರೋ ಅಲ್ಲಿಯ ಕಂಪನಿಯೂ ಅದನ್ನೇ ಹೇಳಿತು.

ಈಗ ಒಂದು ಸಣ್ಣ ಲೆಕ್ಕ. ಕಂಪನಿಯ ಮೇಲಿದ್ದ ಸಾಲ ಸುಮಾರು 13 ಸಾವಿರ ಕೋಟಿ. ಶೇ 8ರ ಬಡ್ಡಿ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1,040 ಕೋಟಿ, ದಿನಕ್ಕೆ 2 ಕೋಟಿ 85 ಲಕ್ಷ. ಇದನ್ನು 5 ಲಕ್ಷ ಪ್ರಯಾಣಿಕರಿಗೆ ಹಂಚಿ. ತಲೆಗೆ 57 ರೂಪಾಯಿ. 2025ರ ಮೇ ತಿಂಗಳಲ್ಲಿ ದರ ಏರಿಸಿ, ಆಮೇಲೆ ಸ್ವಲ್ಪ ಇಳಿಸಿದ ನಂತರ ಅಲ್ಲಿನ ಅತಿ ಜಾಸ್ತಿ ಟಿಕೆಟ್ 69 ರೂಪಾಯಿ, ಕಡಿಮೆ ಅಂದರೆ 11. ಕರೆಂಟ್ ಬಿಲ್, ಸಂಬಳ, ರಿಪೇರಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬಡ್ಡಿಯೊಂದೇ ಟಿಕೆಟ್ ದುಡ್ಡನ್ನು ನುಂಗುತ್ತದೆ. ಇದು ಯಾರೋ ಕದ್ದು ಆದ ನಷ್ಟ ಅಲ್ಲ, ಲೆಕ್ಕವೇ ಕೂಡಿಬರಲಿಲ್ಲ. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರ ಆ ಸಾಲವನ್ನು ತಾನು ಹೊತ್ತುಕೊಂಡು, ಕಂಪನಿ ಹಾಕಿದ ಬಂಡವಾಳಕ್ಕೆ ಸುಮಾರು 2 ಸಾವಿರ ಕೋಟಿ ಕೊಟ್ಟು ಮೆಟ್ರೊ ವಹಿಸಿಕೊಳ್ಳಲು ತಾತ್ವಿಕವಾಗಿ ಒಪ್ಪಿತು. ನೀವು ಓದಿದ ಸುದ್ದಿ ಇದೇ.

ಈ ಎಲ್ಲ ಜಗ್ಗಾಟ ನಡೆಯುವಾಗಲೂ ರೈಲು ಓಡುತ್ತಲೇ ಇತ್ತು. ಹೈದರಾಬಾದ್ ಒಂದೇ ಅಲ್ಲ. ಗುರುಗ್ರಾಮದ ರ‍್ಯಾಪಿಡ್ ಮೆಟ್ರೊ ನಡೆಸುತ್ತಿದ್ದ ಐಎಲ್ ಅಂಡ್ ಎಫ್ಎಸ್ ಎಂಬ ಹಣಕಾಸು ಸಮೂಹ 2018ರಲ್ಲಿ ಸಾಲ ಕಟ್ಟಲಾಗದೆ ಕುಸಿಯಿತು. ಮರುವರ್ಷ ಮೆಟ್ರೊ ಬಿಡಲು ಹೊರಟಿತು. ವಿಷಯ ಹೈಕೋರ್ಟಿಗೆ ಹೋಯಿತು. 2019ರ ಅಕ್ಟೋಬರ್‌ನಲ್ಲಿ ದೆಹಲಿ ಮೆಟ್ರೊ ನಿಗಮ ಅದನ್ನು ಕೈಗೆ ತೆಗೆದುಕೊಂಡಿತು. ಬಸ್ಸನ್ನು ಮಾರಬಹುದು, ಬೇರೆ ರೂಟಿಗೆ ಹಾಕಬಹುದು. ಮೆಟ್ರೊವನ್ನು ಎಲ್ಲಿಗೆ ಕಿತ್ತುಕೊಂಡು ಹೋಗುತ್ತಾರೆ? ದಿನಾ ಲಕ್ಷಗಟ್ಟಲೆ ಜನ ನಂಬಿಕೊಂಡಿರುವ ರೈಲನ್ನು ಯಾವ ಸರ್ಕಾರವೂ ನಿಲ್ಲಲು ಬಿಡುವುದಿಲ್ಲ. ಬ್ಯಾಂಕುಗಳೂ ಬಿಡುವುದಿಲ್ಲ, ರೈಲು ನಿಂತರೆ ಅವರ ಸಾಲಕ್ಕೂ ಗತಿ ಇಲ್ಲ.

ಕೊರೊನಾ ಬಿಟ್ಟರೆ, ನನಗೆ ಗೊತ್ತಿರುವಂತೆ ಒಂದು ಸಲ ಮಾತ್ರ ರೈಲು ನಿಜವಾಗಿ ನಿಂತಿತ್ತು. ದೆಹಲಿಯ ವಿಮಾನ ನಿಲ್ದಾಣದ ಮಾರ್ಗ 2012ರ ಜುಲೈಯಿಂದ 2013ರ ಜನವರಿವರೆಗೆ ಬಂದ್ ಆಗಿತ್ತು. ದುಡ್ಡಿಲ್ಲದೆ ಅಲ್ಲ. ಹಳಿ ಹೊತ್ತ ಗರ್ಡರ್‌ಗಳ ಕೆಳಗಿನ ಬೇರಿಂಗ್‌ಗಳಲ್ಲಿ ದೋಷ ಕಂಡಿತ್ತು. ಸೇತುವೆ, ಸುರಂಗ ಕಟ್ಟಿಸಿದ್ದು ದೆಹಲಿ ಮೆಟ್ರೊ ನಿಗಮ. ಅದರ ಮೇಲೆ ರೈಲು ಓಡಿಸುತ್ತಿದ್ದದ್ದು ರಿಲಯನ್ಸ್ ಇನ್‌ಫ್ರಾದ ಕಂಪನಿ. ಗೋಡೆ ಕಟ್ಟಿದವನೊಬ್ಬ, ಮಾಡು ಹೊದಿಸಿದವನೊಬ್ಬ ಆದರೆ ಮಳೆಗಾಲದಲ್ಲಿ ಸೋರುವಾಗ ಏನಾಗುತ್ತದೆ ಗೊತ್ತಲ್ಲ. ಕಂಪನಿ ಕರಾರು ರದ್ದು ಮಾಡಿ 2013ರ ಮಧ್ಯದಲ್ಲಿ ಹೊರಗೆ ಹೋಯಿತು. ಪಂಚಾಯ್ತಿ, ಕೋರ್ಟು ಅಂತ ಜಗಳ ಎಳೆದು ಸುಪ್ರೀಂ ಕೋರ್ಟ್‌ನಲ್ಲಿ ಮುಗಿದದ್ದು 2024ರ ಏಪ್ರಿಲ್‌ನಲ್ಲಿ. ರೈಲು ಮಾತ್ರ ಈಗಲೂ ಓಡುತ್ತಿದೆ.

ಹಾಗಾದರೆ ಖಾಸಗಿ ಅಂದರೆ ಸುರಕ್ಷತೆ ಕಡಿಮೆಯಾ? ನಾನು ಕಂಡ ಮಟ್ಟಿಗೆ ಇಲ್ಲ. ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ಒಪ್ಪಿಗೆ ಇಲ್ಲದೆ ಯಾವ ಹೊಸ ಮಾರ್ಗದಲ್ಲೂ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ಆ ಆಯುಕ್ತರು ಮೆಟ್ರೊದವರ ಕೈಕೆಳಗೂ ಇಲ್ಲ, ರೈಲ್ವೆಯವರ ಕೈಕೆಳಗೂ ಇಲ್ಲ. ಅವರು ನಾಗರಿಕ ವಿಮಾನಯಾನ ಸಚಿವಾಲಯದಡಿ ಬರುತ್ತಾರೆ. ನಿಯಮ ಸರ್ಕಾರಿಗೂ ಒಂದೇ, ಖಾಸಗಿಗೂ ಒಂದೇ. ನಾನು ಕಣ್ಣಿಡುವುದು ಬೇರೆ ಕಡೆ. ನಷ್ಟದಲ್ಲಿರುವ ಕಂಪನಿ ಮೊದಲು ಕತ್ತರಿ ಹಾಕುವುದು ಬಿಡಿಭಾಗದ ದಾಸ್ತಾನಿಗೆ ಮತ್ತು ಪಾಳಿಯಲ್ಲಿರುವ ಜನರ ಸಂಖ್ಯೆಗೆ. ಪ್ರಯಾಣಿಕನಿಗೆ ಅದು ಕಾಣುವುದಿಲ್ಲ. ಕೆಟ್ಟ ಎಸ್ಕಲೇಟರ್ ತಿಂಗಳುಗಟ್ಟಲೆ ಹಾಗೇ ಇದ್ದರೆ, ಇಬ್ಬರು ಮಾಡುವ ಕೆಲಸಕ್ಕೆ ಒಬ್ಬರೇ ಕೂತಿದ್ದರೆ, ಅರ್ಥ ಮಾಡಿಕೊಳ್ಳಿ. ಮಗಳು ಸೇರುವ ಮುಂಚೆ ಆ ಊರಿಗೆ ಹೋಗಿ, ಒಂದು ದಿನ ಪಾಸು ತೆಗೆದುಕೊಂಡು, ಆ ಮಾರ್ಗದಲ್ಲಿ ಸುಮ್ನೆ ಆ ತುದಿಯಿಂದ ಈ ತುದಿಗೆ ಓಡಾಡಿ. ಹತ್ತು ವರದಿ ಓದುವುದಕ್ಕಿಂತ ಜಾಸ್ತಿ ತಿಳಿಯುತ್ತದೆ.

   

ಈಗ ನಿಮ್ಮ ಮಗಳ ವಿಷಯ. ನಾನು ಜಾಸ್ತಿ ಹೊತ್ತು ಕೂತಿದ್ದು ನೀವು ಕಳಿಸಿದ ಪತ್ರದ ಮುಂದೆ.

ಖಾಸಗಿ ಮೆಟ್ರೊ ಅಂದರೆ ಒಂದೇ ಕಂಪನಿ ಎಂದುಕೊಳ್ಳಬೇಡಿ. ಅದು ಮಹಡಿ ಮನೆ. ಮೇಲೆ ಸರ್ಕಾರ, ಅದು ಒಡೆಯ. ಅದರ ಕೆಳಗೆ ಗುತ್ತಿಗೆ ಪಡೆದ ಕಂಪನಿ. ಅದು ರೈಲು ಓಡಿಸುವ ಕೆಲಸವನ್ನು ಇನ್ನೊಂದು ಕಂಪನಿಗೆ ವಹಿಸಿರಬಹುದು. ಹೈದರಾಬಾದ್‌ನಲ್ಲಿ ಓಡಿಸುವುದನ್ನು, ನಿರ್ವಹಣೆ ಮಾಡುವುದನ್ನು ಎಲ್ ಅಂಡ್ ಟಿ ಫ್ರಾನ್ಸ್ ಮೂಲದ ಕಿಯೋಲಿಸ್ ಕಂಪನಿಗೆ ವಹಿಸಿತ್ತು. ಅದರ ಕೆಳಗೆ ಟಿಕೆಟ್ ಕೌಂಟರಿಗೆ, ಕಾವಲಿಗೆ, ಸ್ವಚ್ಛತೆಗೆ ಜನ ಕೊಡುವ ಏಜೆನ್ಸಿಗಳು. ಅಂಗಿಯ ಮೇಲಿನ ಗುರುತು ಎಲ್ಲರಿಗೂ ಒಂದೇ. ಸಂಬಳ ಬರುವುದು ಬೇರೆ ಬೇರೆ ಕಡೆಯಿಂದ. ಮೇಲಿನ ಮಹಡಿ ಅಲುಗಿದಾಗ ಪೆಟ್ಟು ಬೀಳುವುದು ಕೆಳಗಿನ ಮಹಡಿಗೆ.

ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಊರಿನಲ್ಲಿ ಮೆಟ್ರೊ ನಿರ್ವಹಣೆ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋದ ರಾತ್ರಿ ನಾನು ಡಿಪೋದಲ್ಲಿದ್ದೆ. ಉದ್ದನೆಯ ಮೇಜಿನ ಮೇಲೆ ಬೀಗದ ಕೈ ಗೊಂಚಲುಗಳು, ಒಂದೊಂದಕ್ಕೂ ತಗಡಿನ ನಂಬರ್ ಬಿಲ್ಲೆ. ವಾಕಿಟಾಕಿ ಎಣಿಸಿದರು, ಟಾರ್ಚ್ ಎಣಿಸಿದರು, ಬೆಂಕಿ ಆರಿಸುವ ಸಿಲಿಂಡರ್ ಎಣಿಸಿದರು. ಎರಡೂ ಕಡೆಯವರು ಪುಟ ಪುಟಕ್ಕೆ ಸಹಿ ಹಾಕಿದರು. ಬೆಳಗ್ಗೆ ಮೊದಲ ರೈಲು ಸರಿಯಾದ ಟೈಮಿಗೆ ಹೊರಟಿತು. ಒಬ್ಬ ಪ್ರಯಾಣಿಕನಿಗೂ ಏನೂ ಗೊತ್ತಾಗಲಿಲ್ಲ. ಆದರೆ ಆರು ಗಂಟೆಗೆ ಗೇಟಿನಲ್ಲಿ ಮೂವರು ಹೆಂಗಸರು ನಿಂತಿದ್ದರು. ಪ್ಲಾಟ್‌ಫಾರ್ಮ್ ಒರೆಸುವವರು. ಕಾರ್ಡ್ ಉಜ್ಜಿದರೆ ಗೇಟ್ ತೆಗೆಯಲಿಲ್ಲ. ಹೊಸ ಏಜೆನ್ಸಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಟಾರ್ಚುಗಳನ್ನೆಲ್ಲ ಎಣಿಸಿದ್ದೆವು, ಇವರನ್ನು ಎಣಿಸಿರಲಿಲ್ಲ. ಅವತ್ತಿನಿಂದ ನಾನು ಯಾವ ಕರಾರು ಓದಿದರೂ ಮೊದಲು ಹುಡುಕುವುದು ಸಿಬ್ಬಂದಿಯ ಷರತ್ತನ್ನೇ.

ನಿಮ್ಮ ಮಗಳ ಪತ್ರದ ಮೂಲೆಯಲ್ಲಿ ಮೆಟ್ರೊದ ಗುರುತಿದೆ. ತಲೆಬರಹ ಮಾತ್ರ ಸಿಬ್ಬಂದಿ ಒದಗಿಸುವ ಏಜೆನ್ಸಿಯದು, ಸಹಿಯೂ ಅವರದೇ. ಎರಡನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಗ್ರಾಹಕ ಸಂಸ್ಥೆಯ ಜೊತೆಗಿನ ಒಪ್ಪಂದ ಮುಗಿದರೆ ಈ ನೇಮಕವೂ ತಾನಾಗಿ ಮುಗಿಯುತ್ತದೆ’ ಎಂಬ ಅರ್ಥದ ಸಾಲಿದೆ. ಬಾಂಡ್ ಮಾತ್ರ ಮಗಳ ಮೇಲೆ ಎರಡು ವರ್ಷ. ಅಂದರೆ ಅವಳು ಬಿಡುವಂತಿಲ್ಲ, ಅವರು ಯಾವಾಗ ಬೇಕಾದರೂ ಬಿಡಬಹುದು. ನನಗೆ ಸರಿ ಕಾಣದೆ ಇದ್ದದ್ದು ಇದು. ಮೆಟ್ರೊ ಖಾಸಗಿ ಎಂಬುದಲ್ಲ.

ಇನ್ನು ಭಾವನವರ ಮಾತು. ಸರ್ಕಾರ ವಹಿಸಿಕೊಂಡರೆ ಸರ್ಕಾರಿ ನೌಕರಿ ಆಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗೆ ಆಗುವುದಿಲ್ಲ. ಸರ್ಕಾರದ ಕೈಗೆ ಬಂದ ಮೆಟ್ರೊ ಕೂಡ ಒಂದು ಕಂಪನಿಯಾಗಿಯೇ ಇರುತ್ತದೆ. ರೈಲು ಓಡಿಸುವ ಕಂಪನಿ ಹಳೆಯದೇ ಮುಂದುವರಿಯಬಹುದು. ಏಜೆನ್ಸಿಯವರು ಏಜೆನ್ಸಿಯವರೇ. ಸರ್ಕಾರಿ ಮೆಟ್ರೊಗಳೂ ಈಗ ಕರಾರಿನ ಮೇಲೆ ಜನ ತೆಗೆದುಕೊಳ್ಳುತ್ತವೆ. 2025ರಲ್ಲಿ ಬೆಂಗಳೂರಿನ ‘ನಮ್ಮ ಮೆಟ್ರೊ’ ಕೂಡ ರೈಲು ಚಾಲಕರನ್ನು ಕರಾರಿನ ಮೇಲೆ ತೆಗೆದುಕೊಳ್ಳಲು ಪ್ರಕಟಣೆ ಹೊರಡಿಸಿ, ವಿರೋಧ ಬಂದ ಮೇಲೆ ಹಿಂದಕ್ಕೆ ಪಡೆಯಿತು. ಅದರಲ್ಲಿ ಬೇರೆ ಮೆಟ್ರೊದ ಅನುಭವ ಕೇಳಿದ್ದರು ಎನ್ನುವುದು ಗಮನಿಸಬೇಕಾದ ವಿಷಯ. ಎಲ್ಲಿ ದುಡಿದರೂ ಅನುಭವಕ್ಕೆ ಬೆಲೆ ಇದೆ.

ಕಾನೂನು ಸ್ವಲ್ಪ ಕಾಪಾಡುತ್ತದೆ. ಸಂಸ್ಥೆ ಕೈಬದಲಾದಾಗ, ಕನಿಷ್ಠ ಒಂದು ವರ್ಷ ದುಡಿದ ಕಾರ್ಮಿಕರನ್ನು ಹೊಸ ಮಾಲೀಕ ಸೇವೆ ಮುರಿಯದೆ, ಹಳೆಯದಕ್ಕಿಂತ ಕಡಿಮೆ ಇಲ್ಲದ ಷರತ್ತಿನಲ್ಲಿ ಮುಂದುವರಿಸಬೇಕು. ಇಲ್ಲವಾದರೆ ಪರಿಹಾರ ಕೊಡಬೇಕು. ಆದರೆ ಮೇಲ್ವಿಚಾರಕರ ದರ್ಜೆಯ ಹುದ್ದೆಗೆ ಇದು ಅನ್ವಯಿಸದೆ ಇರಬಹುದು. ಏಜೆನ್ಸಿಯ ಕರಾರು ಸುಮ್ನೆ ಮುಗಿದುಹೋದಾಗ ಈ ರಕ್ಷಣೆ ಬಹಳ ತೆಳು. ಪಿಎಫ್ ಹಣಕ್ಕೆ ತೊಂದರೆ ಇಲ್ಲ, ಯುಎಎನ್ ಎಂಬ ಪಿಎಫ್ ನಂಬರ್ ಮಗಳ ಜೊತೆಗೇ ಬರುತ್ತದೆ. ಗ್ರಾಚುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಬಿಡುವಾಗ ಕೊಡುವ ಹಣ, ಹಾಗಲ್ಲ. ಕಂಪನಿ ಬದಲಾದಾಗ ‘ಹೊಸದಾಗಿ ಸೇರಿದ್ದೀರಿ’ ಎಂದು ಬರೆಸಿಕೊಂಡರೆ ಹಳೆಯ ವರ್ಷಗಳ ಲೆಕ್ಕ ಅಲ್ಲಿಗೇ ನಿಲ್ಲಬಹುದು.

ಹಾಗಾದರೆ ಏನು ಮಾಡಬಹುದು? ಹೀಗೇ ಸಹಿ ಹಾಕಿ ಸೇರುವುದು ಒಂದು ದಾರಿ. ಕೆಲಸ ಬೇಗ ಸಿಗುತ್ತದೆ, ಅಪಾಯವೆಲ್ಲ ಮಗಳ ಮೇಲೆ. ನಾನು ಬೇಡ ಎನ್ನುತ್ತೇನೆ. ಕೆಲಸವೇ ಬೇಡ ಎಂದು ರೈಲ್ವೆ ಪರೀಕ್ಷೆ, ಸರ್ಕಾರಿ ಮೆಟ್ರೊಗಳ ಪರೀಕ್ಷೆಗೆ ಓದುವುದು ಇನ್ನೊಂದು. ಭದ್ರತೆ ಜಾಸ್ತಿ, ಆದರೆ ಪ್ರಕಟಣೆ ಯಾವಾಗ ಬರುತ್ತದೋ, ಫಲಿತಾಂಶ ಯಾವಾಗ ಬರುತ್ತದೋ. ಈಗ ತಾನೆ ಓದು ಮುಗಿಸಿದ ಹುಡುಗಿ ಎರಡು ಮೂರು ವರ್ಷ ಮನೆಯಲ್ಲಿ ಕೂತರೆ ಕಲಿತದ್ದೂ ಮರೆಯುತ್ತದೆ.

ನನ್ನ ಮಗಳಾಗಿದ್ದರೆ ನಾನು ಷರತ್ತು ಮಾತಾಡಿ ಸೇರಿಸುತ್ತಿದ್ದೆ, ಪರೀಕ್ಷೆ ಬರೆಯುವುದನ್ನೂ ಬಿಡಿಸುತ್ತಿರಲಿಲ್ಲ. ಮಾತಾಡಬೇಕಾದ್ದು ಜಾಸ್ತಿ ಇಲ್ಲ. ಏಜೆನ್ಸಿಯ ಬದಲು ರೈಲು ಓಡಿಸುವ ಕಂಪನಿಯ ಹೆಸರಿನಲ್ಲೇ ನೇಮಕ ಸಿಗುತ್ತದಾ ಎಂದು ಮೊದಲು ಕೇಳಿ. ರೈಲು ಓಡಿಸುವಂಥ ಹೊಣೆಯ ಕೆಲಸಕ್ಕೆ ಇದು ಅತಿ ಆಸೆಯಲ್ಲ. ಆಗುವುದೇ ಇಲ್ಲ ಎಂದರೆ, ‘ಕಂಪನಿ ಅಥವಾ ಏಜೆನ್ಸಿ ಬದಲಾದರೆ, ಅಥವಾ ಅವರಾಗಿ ಕೆಲಸದಿಂದ ತೆಗೆದರೆ ಬಾಂಡ್ ಬಿದ್ದುಹೋಗುತ್ತದೆ’ ಎಂಬ ಒಂದು ಸಾಲು ಬರೆಸಿಕೊಳ್ಳಿ. ಬಾಂಡ್‌ಗೆಲ್ಲ ಬೆಲೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ತರಬೇತಿ ಮುಗಿದಾಗ ಸಿಗುವ ಅರ್ಹತಾ ಪತ್ರದ ಪ್ರತಿ ಮಗಳ ಕೈಗೆ ಕೊಡಬೇಕು. ಅದು ಇನ್ನೊಂದು ಮೆಟ್ರೊದಲ್ಲಿ ಹಾಗೇ ನಡೆಯುವುದಿಲ್ಲ, ಅಲ್ಲಿನ ರೈಲು, ಸಿಗ್ನಲ್ ಕಲಿತು ಮತ್ತೆ ಪರೀಕ್ಷೆ ಕೊಡಬೇಕು. ಆದರೂ ಅನುಭವಕ್ಕೆ ದಾಖಲೆ ಅದೇ. ಮಾರ್ಕ್ಸ್ ಕಾರ್ಡಿನ ಮೂಲಪ್ರತಿ ಯಾರಿಗೂ ಇಟ್ಟುಕೊಳ್ಳಲು ಕೊಡಬೇಡಿ, ತೋರಿಸಿ ವಾಪಸ್ ಪಡೆಯಿರಿ. ತರಬೇತಿಗೆ, ಡೆಪಾಸಿಟ್‌ಗೆ ಎಂದು ಒಂದು ರೂಪಾಯಿ ಕೇಳಿದರೂ ಅಲ್ಲಿಗೇ ಬಿಡಿ. ಮೆಟ್ರೊ ಹೆಸರಿನಲ್ಲಿ ಮೋಸ ಮಾಡುವವರು ಬಹಳ ಇದ್ದಾರೆ.

ರಾತ್ರಿ ಪಾಳಿಯ ಬಗ್ಗೆ ಕೇಳಿದ್ದೀರಿ. ಮೆಟ್ರೊಗಳಲ್ಲಿ ಹೆಣ್ಣುಮಕ್ಕಳು ರೈಲು ಓಡಿಸುವುದು ಈಗ ಹೊಸದಲ್ಲ, ಬೆಂಗಳೂರಿನಲ್ಲೂ ಓಡಿಸುತ್ತಿದ್ದಾರೆ. ನಿಲ್ದಾಣದ ಒಳಗೆ ಕ್ಯಾಮೆರಾ ಇದೆ, ಕಾವಲು ಇದೆ, ನನಗೆ ಅಲ್ಲಿ ಚಿಂತೆ ಇಲ್ಲ. ಕೊನೆಯ ರೈಲು ಮುಗಿಸಿ ಡಿಪೋದಿಂದ ಹೊರಡುವಾಗ, ಬೆಳಗಿನ ಜಾವ ಡ್ಯೂಟಿಗೆ ಬರುವಾಗ ರಸ್ತೆಯಲ್ಲಿ ರೈಲೂ ಇರುವುದಿಲ್ಲ, ಬಸ್ಸೂ ಇರುವುದಿಲ್ಲ. ಮನೆ ಬಾಗಿಲಿಗೆ ಗಾಡಿ ಕಳಿಸುತ್ತಾರಾ, ಇಲ್ಲ ಹತ್ತಿರದ ವೃತ್ತಕ್ಕೆ ಬಂದು ನಿಲ್ಲಬೇಕಾ ಎಂದು ಕೇಳಿ. ಈಗಾಗಲೇ ಅಲ್ಲಿ ಕೆಲಸ ಮಾಡುತ್ತಿರುವ ಒಬ್ಬ ಹುಡುಗಿಯ ಹತ್ತಿರ ಮಗಳೇ ಮಾತಾಡಲಿ. ನಿಮಗೆ ಹೇಳದ್ದನ್ನು ಅವಳಿಗೆ ಹೇಳುತ್ತಾರೆ.

ಪತ್ರದಲ್ಲಿ ‘ಅನುಬಂಧ ಬಿ ನೋಡಿ’ ಎಂದು ಎರಡು ಕಡೆ ಬರೆದಿದೆ. ಬಾಂಡಿನ ಮೊತ್ತ, ನೋಟಿಸ್ ಅವಧಿ ಎರಡೂ ಅದರಲ್ಲೇ ಇರಬೇಕು. ನೀವು ಕಳಿಸಿದ ಫೋಟೊಗಳಲ್ಲಿ ಆ ಪುಟ ಇಲ್ಲ. ಅವರು ಕೊಟ್ಟೇ ಇಲ್ಲದಿದ್ದರೆ ಇಮೇಲ್ ಬರೆದು ತರಿಸಿಕೊಳ್ಳಿ, ಫೋನಿನಲ್ಲಿ ಕೇಳಿದರೆ ಸಾಲದು. ಬಂದ ತಕ್ಷಣ ನನಗೆ ಕಳಿಸಿ, ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಮಗಳು ಸಹಿ ಹಾಕುವುದು ಬೇಡ.